ಬೇರೆ ದೇಶ ಆಗ್ತೀವಿ ಅಂದ್ರೆ ಮುಂದೇನು? ಸ್ಕಾಟ್ಲೆಂಡ್ ಎದುರಿಸಿದ ಪ್ರಶ್ನೆಗಳು

ಪ್ರಶ್ನೆ (ಧಾರವಾಡದ ರಾಜ್ಯಶಾಸ್ತ್ರ ಎಂಎ ವಿದ್ಯಾರ್ಥಿಯೊಬ್ಬರಿಂದ): ಸಾರ್, 2014ರಲ್ಲಿ ಲಂಡನ್ ತಾನೇ ಒಪ್ಪಿ ಸ್ಕಾಟ್ಲೆಂಡಿಗೆ ರೆಫರೆಂಡಮ್ (ಬೇರೆ ದೇಶ ಆಗ್ಬೇಕಾ ಬೇಡ್ವಾ ಅಂತ ಜನರನ್ನೇ ಕೇಳೋ ವೋಟು) ಮಾಡೋಕೆ ಬಿಡ್ತು. 2022ರಲ್ಲಿ ಅದೇ ಸ್ಕಾಟ್ಲೆಂಡ್ ಮತ್ತೆ ಕೇಳಿದ್ರೆ ಕೋರ್ಟ್ ಆಗಲ್ಲ ಅಂತು. ಸ್ವಯಂ ನಿರ್ಣಯದ ಹಕ್ಕು, ಅಂದ್ರೆ ತಮ್ಮ ಆಳ್ವಿಕೆ ಹೇಗಿರ್ಬೇಕು ಅಂತ ಜನರೇ ತೀರ್ಮಾನಿಸೋ ಹಕ್ಕು ಅಂತ ಒಂದು ನಿಜವಾಗ್ಲೂ ಇದ್ರೆ ಒಂದ್ಸಲ ಇರತ್ತೆ ಒಂದ್ಸಲ ಇರಲ್ಲ ಅಂತ ಹೇಗಾಗತ್ತೆ? ಇನ್ನೊಂದು, ಬೇರೆ ಆಗ್ತೀವಿ ಅನ್ನೋರು ದುಡ್ಡು, ಪೆನ್ಷನ್, ಬಾರ್ಡರ್ ಇದನ್ನೆಲ್ಲ ಯೋಚನೆ ಮಾಡಿರ್ತಾರಾ, ಇಲ್ಲ ಅದು ಬರೀ ಬಾವುಟದ ಮೇಲಿನ ಪ್ರೀತಿನಾ?

ಉತ್ತರ: ಮೊದಲನೇ ಪ್ರಶ್ನೆಗೆ ನೇರವಾಗೇ ಹೇಳ್ತೀನಿ. 2014ರಲ್ಲಿ ಅವರಿಗೆ ವೋಟ್ ಸಿಕ್ಕಿದ್ದು ಯಾವ ಅಂತಾರಾಷ್ಟ್ರೀಯ ಹಕ್ಕಿಂದಲೂ ಅಲ್ಲ, ಒಂದು ರಾಜಕೀಯ ಒಪ್ಪಂದದಿಂದ. 2011ರ ಚುನಾವಣೇಲಿ ಬೇರೆ ದೇಶ ಬೇಕು ಅನ್ನೋ ಸ್ಕಾಟಿಷ್ ನ್ಯಾಷನಲ್ ಪಾರ್ಟಿ, ಸ್ಕಾಟ್ಲೆಂಡಿನ ರಾಜಧಾನಿ ಎಡಿನ್‌ಬರಾ ಪಾರ್ಲಿಮೆಂಟಿನ 129 ಸೀಟಲ್ಲಿ 69 ಗೆದ್ದುಬಿಡ್ತು, ಅಲ್ಲಿನ ಚುನಾವಣಾ ಪದ್ಧತಿ ಯಾವ ಪಕ್ಷಕ್ಕೂ ಒಂಟಿಯಾಗಿ ಬಹುಮತ ಸುಲಭಕ್ಕೆ ಸಿಗದ ಥರ ಇದೆ, ಅಂಥದ್ರಲ್ಲೂ ಗೆದ್ರು, ಅದೂ ರೆಫರೆಂಡಮ್ ಮಾಡ್ತೀವಿ ಅಂತ ಪ್ರಣಾಳಿಕೇಲಿ ಬರ್ದುಕೊಂಡು. ಆಗಿನ ಬ್ರಿಟಿಷ್ ಪ್ರಧಾನಿ ಡೇವಿಡ್ ಕ್ಯಾಮರಾನ್ ಬೇಡ ಅನ್ನಬಹುದಿತ್ತು. ಆಗಿನ ಸರ್ವೆಗಳಲ್ಲಿ ಬೇರೆ ಆಗೋದಕ್ಕೆ ಬೆಂಬಲ ಮೂರನೇ ಒಂದು ಪಾಲಿನ ಆಸುಪಾಸಿತ್ತು, ಗೆಲ್ತೀವಿ ಅನ್ನೋ ಧೈರ್ಯ ಅವರಿಗಿತ್ತು, ಒಪ್ಕೊಂಡ್ರು. 2012ರ ಅಕ್ಟೋಬರ್ 15ಕ್ಕೆ ಕ್ಯಾಮರಾನ್ ಮತ್ತು ಸ್ಕಾಟಿಷ್ ಸರ್ಕಾರದ ಮುಖ್ಯಸ್ಥ ಅಲೆಕ್ಸ್ ಸ್ಯಾಮಂಡ್ ಎಡಿನ್‌ಬರಾ ಒಪ್ಪಂದಕ್ಕೆ ಸಹಿ ಹಾಕಿದ್ರು. ಅದರ ಪ್ರಕಾರ 1998ರ ಸ್ಕಾಟ್ಲೆಂಡ್ ಕಾಯ್ದೆಯ 30ನೇ ಸೆಕ್ಷನ್ ಅಡಿ ಒಂದು ಆರ್ಡರ್ ಹೊರಡಿಸಿ, ರೆಫರೆಂಡಮ್ ಮಾಡೋ ಅಧಿಕಾರವನ್ನ ಸ್ಕಾಟಿಷ್ ಪಾರ್ಲಿಮೆಂಟಿಗೆ ಕೊಟ್ರು, ಆದ್ರೆ ಅದಕ್ಕೊಂದು ಗಡುವಿತ್ತು, 2014ರ ಕೊನೆಯೊಳಗೆ ಮುಗಿಸ್ಬೇಕು ಅಂತ. ವೋಟಾಯ್ತು, ಬೇಡ ಅನ್ನೋರು ಗೆದ್ರು, ಗಡುವು ಮುಗೀತು, ಅಧಿಕಾರ ವಾಪಸ್ ಲಂಡನ್ನಿಗೇ ಹೋಯ್ತು. ನೀವು ಒಂದ್ಸಲ ಇರತ್ತೆ ಒಂದ್ಸಲ ಇರಲ್ಲ ಅಂತ ಕೇಳಿದ್ರಲ್ಲ, ಬಂದು ಹೋಗಿದ್ದು ಈ ಅಧಿಕಾರ, ಹಕ್ಕಲ್ಲ.

ಆಮೇಲೆ ಸ್ಯಾಮಂಡ್ ಜಾಗಕ್ಕೆ ಬಂದ ನಿಕೋಲಾ ಸ್ಟರ್ಜನ್ ಮತ್ತೆ ಕೇಳಿದಾಗ ಒಬ್ಬರಾದ ಮೇಲೊಬ್ಬ ಪ್ರಧಾನಿ ಒಪ್ಪಲಿಲ್ಲ. ಸರಿ, ಇದು ಬರೀ ಅಭಿಪ್ರಾಯ ಕೇಳೋ ವೋಟು, ಗೆದ್ದ ತಕ್ಷಣ ಏನೂ ಬದಲಾಗಲ್ಲ, ಹಂಗಾಗಿ ನಮ್ಮ ಪಾರ್ಲಿಮೆಂಟೇ ಕಾನೂನು ಮಾಡಬಹುದು ಅಲ್ವಾ ಅನ್ನೋ ವಾದ ಬ್ರಿಟನ್ನಿನ ಸುಪ್ರೀಂ ಕೋರ್ಟಿಗೆ ಹೋಯ್ತು. 2022ರ ನವೆಂಬರ್ 23ಕ್ಕೆ ಲಾರ್ಡ್ ರೀಡ್ ಇದ್ದ ಪೀಠ ಒಮ್ಮತದಿಂದ ಆಗಲ್ಲ ಅಂತು. ಸ್ಕಾಟ್ಲೆಂಡ್ ಇಂಗ್ಲೆಂಡ್ ಒಕ್ಕೂಟದ ವಿಷಯ ಲಂಡನ್ ಪಾರ್ಲಿಮೆಂಟಿಗೆ ಮಾತ್ರ ಸೇರಿದ್ದು ಅಂತ ಕಾಯ್ದೇಲೇ ಇದೆ, ವೋಟು ಬರೀ ಸಲಹೆಯದ್ದಾದ್ರೂ ಅದರ ರಾಜಕೀಯ ಪರಿಣಾಮ ಸಣ್ಣದಲ್ಲ ಅಂತ ಕೋರ್ಟು ಹೇಳ್ತು. ಸ್ವಯಂ ನಿರ್ಣಯದ ಹಕ್ಕಿನ ವಾದವನ್ನ ಸ್ಟರ್ಜನ್ ಅವರ ನ್ಯಾಷನಲ್ ಪಾರ್ಟಿ ಪ್ರತ್ಯೇಕವಾಗಿ ಎತ್ತಿತ್ತು. ಅದಕ್ಕೆ ಕೋರ್ಟು ಕೆನಡಾದ ಸುಪ್ರೀಂ ಕೋರ್ಟ್, ಬೇರೆ ಆಗೋ ಚಳವಳಿ ಇದ್ದ ಅಲ್ಲಿನ ಪ್ರಾಂತ್ಯ ಕ್ವಿಬೆಕ್ ವಿಷಯದಲ್ಲಿ 1998ರಲ್ಲಿ ಕೊಟ್ಟ ಅಭಿಪ್ರಾಯವನ್ನ ಮುಂದಿಡ್ತು. ಬಿಟ್ಟುಹೋಗೋ ಹಕ್ಕು ಇರೋದು ವಸಾಹತಿನ ಜನರಿಗೆ, ಹೊರಗಿನ ಸೈನ್ಯ ಆಕ್ರಮಿಸ್ಕೊಂಡಿರೋರಿಗೆ, ಬಹುಶಃ ಸರ್ಕಾರದಲ್ಲಿ ಪಾಲೇ ಸಿಗದ ಹಾಗೆ ಹೊರಗಿಟ್ಟಿರೋ ಜನರಿಗೂ ಅಂತ. ಸ್ಕಾಟ್ಲೆಂಡ್ ಈ ಮೂರರಲ್ಲಿ ಯಾವುದೂ ಅಲ್ಲ, ಅಲ್ಲಿಂದ ಬ್ರಿಟನ್ನಿಗೆ ಪ್ರಧಾನಿಗಳೇ ಬಂದಿದ್ದಾರೆ.

ಕಾನೂನಾಗಿ ನೋಡಿದ್ರೆ ಈ ತೀರ್ಪು ಸರಿ ಅಂತಲೇ ನನ್ನ ಅಭಿಪ್ರಾಯ. ವಿಶ್ವಸಂಸ್ಥೆಯ ಚಾರ್ಟರಲ್ಲಿ ಎಲ್ಲ ಜನರಿಗೂ ಸ್ವಯಂ ನಿರ್ಣಯ ಅಂತ ಇದೆ, 1960ರ ವಸಾಹತು ಮುಕ್ತಿ ಘೋಷಣೇಲಿದೆ, 1966ರ ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಒಡಂಬಡಿಕೆಯ ಮೊದಲನೇ ವಿಧಿನೇ ಇದು. ಆದ್ರೆ ಈ ದಾಖಲೆಗಳನ್ನ ಬರೆದೋರು ಯಾರು? ದೇಶಗಳ ಸರ್ಕಾರಗಳು. ತಮ್ಮ ದೇಶ ಒಡೆಯೋ ಅಸ್ತ್ರವನ್ನ ತಾವೇ ಬರೆದು ಕೊಡೋ ಸರ್ಕಾರ ಎಲ್ಲಿರತ್ತೆ ಹೇಳಿ. ಅದಕ್ಕೇ ಅದರ ಪಕ್ಕದಲ್ಲೇ ಭೌಗೋಳಿಕ ಅಖಂಡತೆ ಅನ್ನೋ ಮಾತನ್ನೂ ಸೇರಿಸಿಟ್ಟಿದ್ದಾರೆ. ನಮ್ಮ ದೇಶ ಇನ್ನೂ ಸ್ಪಷ್ಟವಾಗಿದೆ, 1979ರಲ್ಲಿ ಭಾರತ ಆ ಒಡಂಬಡಿಕೆಗೆ ಸೇರುವಾಗ, ಮೊದಲನೇ ವಿಧಿಯ ಹಕ್ಕು ವಿದೇಶಿ ಆಳ್ವಿಕೇಲಿರೋ ಜನರಿಗೆ ಮಾತ್ರ, ಸ್ವತಂತ್ರ ದೇಶದೊಳಗಿನ ಒಂದು ಭಾಗದ ಜನರಿಗೆ ಅನ್ವಯಿಸಲ್ಲ ಅಂತ ಲಿಖಿತವಾಗಿ ಹೇಳೇ ಸೇರಿದ್ದು. ಫ್ರಾನ್ಸ್, ಜರ್ಮನಿ, ನೆದರ್ಲೆಂಡ್ಸ್ ಇದಕ್ಕೆ ಆಕ್ಷೇಪ ಹೇಳಿದ್ವು, ಭಾರತ ಬದಲಾಯಿಸಲಿಲ್ಲ. ನಿಮ್ಮ ಡೆಸರ್ಟೇಶನ್‌ನಲ್ಲಿ ಇದು ಬರ್ಲೇಬೇಕು ಅಂತ ನನಗನ್ಸತ್ತೆ.

ಹಾಗಾದ್ರೆ ಸ್ಕಾಟ್ಲೆಂಡಿನವರ ತಕರಾರಿಗೆ ಬುಡ ಇಲ್ವಾ ಅಂದ್ರೆ, ಇದೆ, ಮತ್ತೆ ಅದು ನ್ಯಾಯವಾದ ತಕರಾರೇ. ಸ್ಕಾಟ್ಲೆಂಡನ್ನ ಯಾರೂ ಗೆದ್ದು ಸೇರಿಸ್ಕೊಂಡಿದ್ದಲ್ಲ. 1707ರಲ್ಲಿ ಎರಡು ಪಾರ್ಲಿಮೆಂಟುಗಳು ಒಪ್ಪಂದ ಮಾಡ್ಕೊಂಡು ಒಂದಾಗಿದ್ದು, ಪನಾಮಾ ಕಡೆ ಡೇರಿಯನ್ ಅನ್ನೋ ಜಾಗದಲ್ಲಿ ವಸಾಹತು ಮಾಡೋಕೆ ಹೋಗಿ ಸ್ಕಾಟ್ಲೆಂಡಿನ ಬಂಡವಾಳದ ದೊಡ್ಡ ಪಾಲು ಮುಳುಗಿಹೋಗಿತ್ತು, ಆ ಕಷ್ಟದ ಹೊತ್ತಲ್ಲಿ ಆದ ಒಪ್ಪಂದ ಅದು. ಜನಸಾಮಾನ್ಯರನ್ನ ಆಗ ಯಾರೂ ಕೇಳಲಿಲ್ಲ, ಬೀದಿ ಗಲಾಟೆಗಳೇ ಆದ್ವು. ಆದ್ರೂ ಅವರ ಕಾನೂನು ಪದ್ಧತಿ, ಅವರ ಚರ್ಚು, ಶಾಲೆಗಳು ಪ್ರತ್ಯೇಕವಾಗೇ ಉಳಿದ್ವು, ಇವತ್ತಿಗೂ ಇವೆ. ಹಂಗಾಗಿ ನಾವು ಒಪ್ಪಿ ಬಂದೋರು, ಒಪ್ಪಿಗೆ ವಾಪಸ್ ತಗೊಳ್ಳೋಕೂ ದಾರಿ ಇರ್ಬೇಕು ಅನ್ನೋ ಭಾವನೆ ಅಲ್ಲಿ ಬೇರೆ ಆಗೋದು ಬೇಡ ಅನ್ನೋರಲ್ಲೂ ಎಷ್ಟೋ ಜನಕ್ಕಿದೆ.

ಇದಕ್ಕೆ ಇಪ್ಪತ್ತನೇ ಶತಮಾನದ ಗಾಯಗಳನ್ನ ಸೇರಿಸಿ ನೋಡಿ. 1979ರ ಮಾರ್ಚ್ 1ಕ್ಕೆ ಸ್ಕಾಟ್ಲೆಂಡಿಗೆ ಪ್ರತ್ಯೇಕ ಶಾಸನಸಭೆ ಬೇಕಾ ಅಂತ ವೋಟ್ ಆಯ್ತು, ದೇಶ ಬಿಡೋದಲ್ಲ, ಒಂದು ಶಾಸನಸಭೆ ಅಷ್ಟೇ. 51.6 ಪರ್ಸೆಂಟ್ ಬೇಕು ಅಂದ್ರು. ಆದ್ರೆ ಒಟ್ಟು ಮತದಾರರಲ್ಲಿ 40 ಪರ್ಸೆಂಟ್ ಹೌದು ಅನ್ಬೇಕು ಅಂತ ಮೊದಲೇ ಷರತ್ತು ಹಾಕಿದ್ರು, ಲೆಕ್ಕ 32.9ಕ್ಕೆ ನಿಂತಿತು, ಅಂದ್ರೆ ವೋಟ್ ಹಾಕದೆ ಮನೇಲಿ ಕೂತೋರನ್ನೂ ಬೇಡ ಅಂದೋರ ಲೆಕ್ಕಕ್ಕೆ ಸೇರಿಸಿದ ಹಾಗಾಯ್ತು. ಅದೇ ತಿಂಗಳು ಸರ್ಕಾರ ಒಂದೇ ಒಂದು ವೋಟಲ್ಲಿ ಬಿತ್ತು, ಥ್ಯಾಚರ್ ಬಂದ್ರು. ಸ್ಕಾಟ್ಲೆಂಡಲ್ಲಿ ಬಹುಮತ ಇಲ್ಲದ ಅವರ ಕನ್ಸರ್ವೇಟಿವ್ ಪಕ್ಷ 18 ವರ್ಷ ಅಲ್ಲಿ ಆಳಿತು. ತಲೆಗಂದಾಯವನ್ನ ಇಂಗ್ಲೆಂಡಿಗಿಂತ ಒಂದು ವರ್ಷ ಮೊದಲು, 1989ರಲ್ಲಿ, ಸ್ಕಾಟ್ಲೆಂಡಲ್ಲಿ ಹೇರಿದ್ರು. 1992ರಲ್ಲಿ ರೇವನ್ಸ್‌ಕ್ರೇಗ್ ಉಕ್ಕಿನ ಕಾರ್ಖಾನೆ ಮುಚ್ಚಿತು. 1997ರ ಚುನಾವಣೇಲಿ ಆ ಪಕ್ಷಕ್ಕೆ ಸ್ಕಾಟ್ಲೆಂಡಲ್ಲಿ ಒಂದು ಸೀಟೂ ಬರಲಿಲ್ಲ, ಅದೇ ವರ್ಷ ಇನ್ನೊಂದು ರೆಫರೆಂಡಮಲ್ಲಿ 74.3 ಪರ್ಸೆಂಟ್ ಜನ ನಮಗೆ ಪಾರ್ಲಿಮೆಂಟ್ ಬೇಕು ಅಂದ್ರು. ಇಷ್ಟಾದ ಮೇಲೆ ಬಂದಿದ್ದು ಬ್ರೆಕ್ಸಿಟ್. 2014ರಲ್ಲಿ ಯುರೋಪಿಯನ್ ಯೂನಿಯನ್ನಲ್ಲಿ ಉಳೀಬೇಕಾದ್ರೆ ಬ್ರಿಟನ್ ಜೊತೆ ಇರಿ ಅಂತ ಹೇಳಿ ವೋಟ್ ತಗೊಂಡಿದ್ರು, ಎರಡೇ ವರ್ಷಕ್ಕೆ ಸ್ಕಾಟ್ಲೆಂಡ್ 62 ಪರ್ಸೆಂಟ್ ಉಳಿಯೋಣ ಅಂದ್ರೂ ಬ್ರಿಟನ್ ಪೂರ್ತಿ ಹೊರಗೆ ಹೋಗೋದು ಅಂತ ತೀರ್ಮಾನ ಆಯ್ತು. ಮತ್ತೆ ಕೇಳೋಕೆ ಅವರಿಗೆ ಕಾರಣ ಇತ್ತು ಅಂತ ನಾನು ಒಪ್ತೀನಿ.

ಈಗ ನಿಮ್ಮ ಎರಡನೇ ಪ್ರಶ್ನೆ, ನನಗೆ ಹೆಚ್ಚು ಆಸಕ್ತಿ ಇರೋದೂ ಇದರಲ್ಲೇ. ಯೋಚನೆ ಮಾಡಿದ್ರಾ ಅಂದ್ರೆ, ಮಾಡಿದ್ರು, ನೂರಾರು ಪುಟ ಮಾಡಿದ್ರು. 2013ರ ನವೆಂಬರಲ್ಲಿ ಸ್ಕಾಟಿಷ್ ಸರ್ಕಾರ ಒಂದು ಶ್ವೇತಪತ್ರ ತಂತು, ಆರುನೂರು ಪುಟಕ್ಕೂ ಮೇಲೆ, ಅದರಲ್ಲಿ ಪಾಸ್‌ಪೋರ್ಟ್ ಹೇಗೆ, ಟಿವಿ ಚಾನೆಲ್ ಹೇಗೆ, ರಾಣಿ ಇರ್ತಾರಾ (ಇರ್ತಾರೆ ಅಂದಿದ್ರು), ನೇಟೋದಲ್ಲಿ ಇರ್ತೀವಾ, ಗ್ಲಾಸ್ಗೋ ಹತ್ರ ಫಾಸ್ಲೇನಲ್ಲಿರೋ ಅಣ್ವಸ್ತ್ರ ಸಬ್‌ಮೆರೀನ್‌ಗಳನ್ನ ಎಲ್ಲಿಗೆ ಕಳ್ಸೋದು ಅಂತ ಎಲ್ಲ ಪ್ರಶ್ನೋತ್ತರ ಇತ್ತು. ಸ್ವಾತಂತ್ರ್ಯ ದಿನ ಯಾವತ್ತು ಅಂತಲೂ ಬರೆದಿದ್ರು, 2016ರ ಮಾರ್ಚ್ 24. ಒಂದು ಪ್ರಾಂತ್ಯ ತನ್ನನ್ನ ದೇಶವಾಗಿ ಇಷ್ಟು ವಿವರವಾಗಿ ಕಲ್ಪಿಸ್ಕೊಂಡು, ಅಚ್ಚು ಹಾಕಿಸಿ, ತನ್ನ ಜನರ ಕೈಗೆ ಕೊಟ್ಟು ಈಗ ಹೇಳಿ ಅಂತ ಕೇಳಿದ್ದು ನನಗೆ ತುಂಬ ಗೌರವದ ಕೆಲಸ ಅನ್ಸತ್ತೆ. ಸೋತಿದ್ದೂ ಈ ವಿವರಗಳಲ್ಲೇ.

ಕರೆನ್ಸಿ ತಗೊಳ್ಳಿ. ಎಡಿನ್‌ಬರಾದಲ್ಲಿ ಚಿಲ್ಲರೆ ಕೇಳಿದ್ರೆ ಕೈಗೆ ಬರೋ ನೋಟಿನ ಮೇಲೆ ಸಾಮಾನ್ಯವಾಗಿ ಬ್ಯಾಂಕ್ ಆಫ್ ಇಂಗ್ಲೆಂಡ್ ಅಂತ ಇರಲ್ಲ. ಬ್ಯಾಂಕ್ ಆಫ್ ಸ್ಕಾಟ್ಲೆಂಡ್, ರಾಯಲ್ ಬ್ಯಾಂಕ್ ಆಫ್ ಸ್ಕಾಟ್ಲೆಂಡ್, ಕ್ಲೈಡ್ಸ್‌ಡೇಲ್ ಅಂತ ಮೂರು ಖಾಸಗಿ ವಾಣಿಜ್ಯ ಬ್ಯಾಂಕುಗಳು ತಮ್ಮ ಹೆಸರಲ್ಲೇ ನೋಟು ಅಚ್ಚು ಹಾಕ್ತವೆ, ನೋಡಿದ್ರೆ ಇವರಿಗೆ ತಮ್ಮದೇ ದುಡ್ಡಿದೆ ಅನ್ಸತ್ತೆ. ಅದೇ ನೋಟನ್ನ ಲಂಡನ್ನಿನ ಅಂಗಡೀಲಿ ಕೊಟ್ಟರೆ ಕೌಂಟರಲ್ಲಿರೋರು ತಿರುಗಿಸಿ ಮರುಗಿಸಿ ನೋಡ್ತಾರೆ, ಕೆಲವರು ತಗೊಳ್ಳೋದೇ ಇಲ್ಲ. ಆ ನೋಟುಗಳ ಹಿಂದಿರೋ ಬಲ ಎಲ್ಲಿದೆ ಗೊತ್ತಾ, ಲಂಡನ್ನಿನ ಬ್ಯಾಂಕ್ ಆಫ್ ಇಂಗ್ಲೆಂಡಿನಲ್ಲಿ. ಇಂಥ ಬ್ಯಾಂಕುಗಳ ನೋಟಿಗೆ ಆಧಾರವಾಗಿ ಅಲ್ಲಿ ಒಂದೊಂದು 10 ಲಕ್ಷ ಪೌಂಡಿನ, ಒಂದೊಂದು 10 ಕೋಟಿ ಪೌಂಡಿನ ವಿಶೇಷ ನೋಟುಗಳನ್ನ ಇಡ್ತಾರೆ, ಅವು ಬಜಾರಿಗೆ ಬರೋದೇ ಇಲ್ಲ. ಚಿತ್ರ ಸ್ಕಾಟ್ಲೆಂಡಿಂದು, ನಂಬಿಕೆ ಲಂಡನ್ನಿಂದು. ಬೇರೆ ದೇಶ ಆದ ದಿನ ಆ ನಂಬಿಕೆಗೆ ಜವಾಬು ಯಾರು ಅನ್ನೋದೇ ಇಡೀ ಚರ್ಚೆಯ ತಿರುಳಾಯ್ತು.

ಸ್ಯಾಮಂಡ್ ಹೇಳಿದ್ದು, ಪೌಂಡನ್ನೇ ಇಟ್ಕೊಂಡು ಲಂಡನ್ ಜೊತೆ ಕರೆನ್ಸಿ ಒಕ್ಕೂಟ ಮಾಡ್ಕೊಳ್ತೀವಿ ಅಂತ. 2014ರ ಫೆಬ್ರವರೀಲಿ ಬ್ರಿಟನ್ನಿನ ಹಣಕಾಸು ಮಂತ್ರಿ ಜಾರ್ಜ್ ಆಸ್ಬರ್ನ್ ಅದು ಆಗದ ಮಾತು ಅಂದುಬಿಟ್ರು, ಬೇರೆ ದೊಡ್ಡ ಪಕ್ಷಗಳೂ ದನಿಗೂಡಿಸಿದ್ವು. ಆಗಸ್ಟ್ 5ರ ಟಿವಿ ಡಿಬೇಟಲ್ಲಿ ಬೇಡ ಅನ್ನೋ ಕಡೆಯ ಮುಂದಾಳು ಅಲಿಸ್ಟೇರ್ ಡಾರ್ಲಿಂಗ್ ಪಟ್ಟು ಬಿಡದೆ ಕೇಳಿದ್ದು ಒಂದೇ ಪ್ರಶ್ನೆ, ಅವರು ಒಪ್ಪದಿದ್ರೆ ನಿಮ್ಮ ಪ್ಲಾನ್ ಬಿ ಏನು? ಸ್ಯಾಮಂಡ್ ಸ್ವತಃ ಅರ್ಥಶಾಸ್ತ್ರಜ್ಞ, ಬ್ಯಾಂಕಲ್ಲಿ ಕೆಲಸ ಮಾಡಿದೋರು, ಅವರಿಗೆ ದಾರಿಗಳು ಗೊತ್ತಿರ್ಲಿಲ್ಲ ಅಂತಲ್ಲ. ಸ್ವಂತ ಕರೆನ್ಸಿ ಅಂದ್ರೆ ಸಾಲ, ಮನೆ ಕಂತು, ಪೆನ್ಷನ್ ಎಲ್ಲ ಯಾವ ದುಡ್ಡಲ್ಲಿ ಅನ್ನೋ ಭಯ ಹುಟ್ಟತ್ತೆ, ಒಪ್ಪಿಗೆ ಇಲ್ಲದೆ ಪೌಂಡ್ ಬಳಸ್ತೀವಿ ಅಂದ್ರೆ ಬ್ಯಾಂಕು ಮುಳುಗಿದಾಗ ಎತ್ತೋಕೆ ಯಾರೂ ಇರಲ್ಲ. 2008ರಲ್ಲಿ ರಾಯಲ್ ಬ್ಯಾಂಕ್ ಆಫ್ ಸ್ಕಾಟ್ಲೆಂಡ್ ಮುಳುಗೋದ್ರಲ್ಲಿತ್ತು, ಬ್ರಿಟಿಷ್ ಸರ್ಕಾರ ಸುಮಾರು 4500 ಕೋಟಿ ಪೌಂಡ್ ಸುರಿದು ಉಳಿಸಿತು, ಅದು ಜನರ ನೆನಪಲ್ಲಿ ಹಸಿಯಾಗೇ ಇತ್ತು. ಅವತ್ತು ನೇರ ಉತ್ತರ ಬರಲಿಲ್ಲ. ಆಮೇಲೆ ನ್ಯಾಷನಲ್ ಪಾರ್ಟಿ ನೇಮಿಸಿದ ಆಯೋಗ 2018ರಲ್ಲಿ ಕೆಲವು ಕಾಲ ಪೌಂಡ್ ಬಳಸಿ ನಂತರ ಸ್ವಂತ ಕರೆನ್ಸಿ ನೋಡೋಣ ಅಂತು, 2022ರಲ್ಲಿ ಸ್ಕಾಟಿಷ್ ಸರ್ಕಾರ ಆದಷ್ಟು ಬೇಗ ಸ್ವಂತದ್ದು ಅಂತು. ಈ ಪ್ರಾಮಾಣಿಕತೆ ಎಂಟು ವರ್ಷ ಮೊದಲೇ ಬಂದಿದ್ರೆ ಚೆನ್ನಾಗಿತ್ತು, ಸೋಲಬಹುದಿತ್ತೇನೋ, ಆದ್ರೆ ಜನಕ್ಕೆ ಪೂರ್ತಿ ವಿಷಯ ಹೇಳಿ ಕೇಳಿದ ಹಾಗಾಗ್ತಿತ್ತು.

ಸಾಲದ ವಿಷಯ ನಮ್ಮೂರುಗಳಲ್ಲಿ ಅಣ್ಣತಮ್ಮಂದಿರು ಪಾಲಾಗುವಾಗ ಆಗೋ ಜಗಳದ ಥರದ್ದೇ. ಹೊಲ ಮನೆ ಪಾಲು ಬೇಕು, ಅಪ್ಪ ಮಾಡಿದ ಸಾಲದ ಪಾಲು? ಲಂಡನ್ 2014ರ ಜನವರೀಲೇ ಬ್ರಿಟನ್ ಮಾಡಿರೋ ಪೂರ್ತಿ ಸಾಲಕ್ಕೆ ನಾವೇ ಜವಾಬ್ದಾರಿ ಅಂತ ಸಾಲ ಕೊಟ್ಟೋರಿಗೆ ಧೈರ್ಯ ಹೇಳ್ತು, ಇಲ್ಲದಿದ್ರೆ ಬಡ್ಡಿ ಏರ್ತಿತ್ತು. ಅದನ್ನ ಹಿಡ್ಕೊಂಡು ಎಡಿನ್‌ಬರಾ, ಪೌಂಡಲ್ಲಿ ಪಾಲು ಕೊಡದಿದ್ರೆ ಸಾಲದಲ್ಲೂ ಪಾಲು ತಗೊಳ್ಳಲ್ಲ ಅಂತು. ಮಾತಿಗೆ ಮಾತು ಸರಿ, ಆದ್ರೆ ಹುಟ್ಟಿದ ದಿನವೇ ಸಾಲ ತೀರ್ಸಲ್ಲ ಅಂದ ದೇಶಕ್ಕೆ ಮಾರನೇ ದಿನ ಸಾಲ ಕೊಡೋರು ಯಾವ ಬಡ್ಡಿ ಕೇಳ್ತಾರೆ ಅನ್ನೋದನ್ನೂ ಯೋಚಿಸ್ಬೇಕಲ್ಲ.

ಎಣ್ಣೆ ಲೆಕ್ಕ ಇನ್ನೂ ಕಹಿ. ಉತ್ತರ ಸಮುದ್ರದಲ್ಲಿ ಎಣ್ಣೆ ಸಿಕ್ಕಿದ್ದು ಈ ಚಳವಳಿಗೆ ಜೀವ ತುಂಬಿದ ಸಂಗತಿ. ಗ್ಯಾವಿನ್ ಮೆಕ್ರೋನ್ ಅನ್ನೋ ಸರ್ಕಾರಿ ಅರ್ಥಶಾಸ್ತ್ರಜ್ಞರು 1974ರಲ್ಲಿ ಈ ಎಣ್ಣೆಯಿಂದ ಸ್ವತಂತ್ರ ಸ್ಕಾಟ್ಲೆಂಡ್ ಭಾರೀ ಶ್ರೀಮಂತ ಆಗಬಹುದು ಅಂತ ಬರೆದ ವರದಿ 2005ರವರೆಗೂ ಹೊರಗೆ ಬರಲಿಲ್ಲ, ಇದು ತಪ್ಪು, ಇದನ್ನ ಯಾವ ರಾಷ್ಟ್ರ ಹಿತದ ಹೆಸರಲ್ಲೂ ಸಮರ್ಥಿಸೋಕಾಗಲ್ಲ. ಆದ್ರೆ 2013ರ ಶ್ವೇತಪತ್ರ ಬ್ಯಾರೆಲ್ಲಿಗೆ ಸುಮಾರು 110 ಡಾಲರ್ ಇರತ್ತೆ ಅನ್ನೋ ಅಂದಾಜಿನ ಮೇಲೆ ನಿಂತಿತ್ತು. ವೋಟಾಗಿ ನಾಲ್ಕು ತಿಂಗಳಿಗೆ, 2015ರ ಜನವರೀಲಿ, ಬೆಲೆ 50ಕ್ಕಿಂತ ಕೆಳಗೆ ಬಂತು. 2016ರ ಜನವರೀಲಿ, ಆ ಸ್ವಾತಂತ್ರ್ಯ ದಿನಕ್ಕೆ ಎರಡೇ ತಿಂಗಳಿರುವಾಗ, 30ಕ್ಕಿಂತ ಕೆಳಗಿತ್ತು. ಹೊಸ ಸರ್ಕಾರ ಮೊದಲ ಬಜೆಟ್ಟನ್ನೇ ಕತ್ತರಿ ಹಿಡ್ಕೊಂಡು ಶುರು ಮಾಡ್ಬೇಕಾಗ್ತಿತ್ತು.

ಪೆನ್ಷನ್ ಬಗ್ಗೆ ಹೆಚ್ಚು ಹೇಳೋದಿಲ್ಲ, ಹೊತ್ತಿಗೆ ಸರಿಯಾಗಿ ಪೂರ್ತಿ ಕೊಡ್ತೀವಿ ಅಂದ್ರು, ವಯಸ್ಸಾದೋರು ನಂಬಲಿಲ್ಲ, ಅವರ ವೋಟು ಭಾರೀ ಪ್ರಮಾಣದಲ್ಲಿ ಬೇಡ ಅನ್ನೋ ಕಡೆಗೇ ಬಿತ್ತು. ಬಾರ್ಡರ್ ಪ್ರಶ್ನೆ 2014ರಲ್ಲಿ ಸಣ್ಣದಿತ್ತು, ಎರಡೂ ಕಡೆ ಯುರೋಪಿಯನ್ ಯೂನಿಯನ್ನೇ ಇರತ್ತೆ ಅನ್ನೋ ಲೆಕ್ಕ. ಬ್ರೆಕ್ಸಿಟ್ ಆದ ಮೇಲೆ ಅದು ದೊಡ್ಡದಾಗಿದೆ. ಸ್ಕಾಟ್ಲೆಂಡ್ ಹೊರಗೆ ಮಾರೋದ್ರಲ್ಲಿ ಸುಮಾರು 60 ಪರ್ಸೆಂಟ್ ಹೋಗೋದು ಬ್ರಿಟನ್ನಿನ ಉಳಿದ ಭಾಗಕ್ಕೇ, ಈಗ ಬೇರೆ ಆಗಿ ಯುರೋಪಿಯನ್ ಯೂನಿಯನ್ನಿಗೆ ವಾಪಸ್ ಸೇರಿದ್ರೆ ಇಂಗ್ಲೆಂಡ್ ಗಡೀಲಿ ಕಸ್ಟಮ್ಸ್ ಬರತ್ತೆ. ಅಂದ್ರೆ ಬ್ರೆಕ್ಸಿಟ್ಟು ಬೇರೆ ಆಗೋಕೆ ಕಾರಣವನ್ನ ಬಲ ಮಾಡ್ತು, ಬೇರೆ ಆಗೋ ದಾರಿಯನ್ನ ಕಷ್ಟ ಮಾಡ್ತು.

ಜನ ಅಂದ್ರೆ ಯಾರು ಅನ್ನೋದನ್ನ ನೀವು ಕೇಳಿಲ್ಲ, ಆದ್ರೆ ಸ್ವಯಂ ನಿರ್ಣಯ ಅನ್ನೋದ್ರಲ್ಲಿ ಆ ಸ್ವಯಂ ಯಾರು ಅಂತ ಇತ್ಯರ್ಥ ಆಗದೆ ಮುಂದಕ್ಕೆ ಹೋಗೋಕಾಗಲ್ಲ. ಇಲ್ಲಿ ಸ್ಕಾಟ್ಲೆಂಡ್ ಮಾಡಿದ್ದು ನನಗೆ ಅತ್ಯಂತ ಮೆಚ್ಚುಗೆಯಾದ ಕೆಲಸ. ರಕ್ತ, ಕುಲ, ಹುಟ್ಟಿದೂರು ಯಾವುದನ್ನೂ ನೋಡಲಿಲ್ಲ, ಅಲ್ಲಿ ವಾಸ ಇದ್ದೋರಿಗೆ ವೋಟು, 16 ವರ್ಷ ಆದೋರಿಗೂ. ಬ್ರಿಟಿಷರು, ಐರಿಷರು, ಯುರೋಪಿಯನ್ ಯೂನಿಯನ್ ದೇಶದೋರು, ಕಾಮನ್‌ವೆಲ್ತ್ ದೇಶಗಳೋರು ಎಲ್ಲ ಬಂದ್ರು, ಅಂದ್ರೆ ಭಾರತದ ಪಾಸ್‌ಪೋರ್ಟ್ ಇಟ್ಕೊಂಡು ಅಲ್ಲಿ ಕಾನೂನುಬದ್ಧವಾಗಿ ವಾಸವಿದ್ದ ನಮ್ಮೋರೂ. ಗ್ಲಾಸ್ಗೋದ ಆಸ್ಪತ್ರೆಯೊಂದ್ರಲ್ಲಿ ಡಾಕ್ಟರಾಗಿದ್ದ ಹಾಸನದ ಕಡೆಯ ನನ್ನ ಪರಿಚಯದೋರೊಬ್ಬರು ಅವತ್ತು ನೈಟ್ ಡ್ಯೂಟಿ ಮುಗಿಸ್ಕೊಂಡು ಹೋಗಿ ವೋಟ್ ಹಾಕಿ ಬಂದ್ರು, ಅದೇ ಹೊತ್ತಿಗೆ ಎಡಿನ್‌ಬರಾದಲ್ಲಿ ಹುಟ್ಟಿ ಬೆಳೆದು ಲಂಡನ್ನಲ್ಲಿ ಕೆಲಸಕ್ಕಿದ್ದ ಅವರ ಸಹೋದ್ಯೋಗಿಯ ಅಣ್ಣನಿಗೆ ವೋಟಿರಲಿಲ್ಲ. ಅಣ್ಣನಿಗೆ ಬೇಜಾರಾಗಿರತ್ತೆ, ಸಹಜ. ಆದ್ರೆ ನಾಳೆ ಆ ಸರ್ಕಾರದ ಕೆಳಗೆ ಬಾಳೋರು ಯಾರೋ ಅವರೇ ತೀರ್ಮಾನ ಮಾಡ್ಬೇಕು ಅನ್ನೋ ನಿಲುವು ನನಗೆ ಸರಿ ಕಾಣತ್ತೆ, ಪ್ರಪಂಚದ ಎಷ್ಟೋ ಪ್ರತ್ಯೇಕತಾ ಚಳವಳಿಗಳು ಕೆಟ್ಟುಹೋಗಿದ್ದು ಇಲ್ಲೇ, ನಮ್ಮೋರು ಹೊರಗಿನೋರು ಅನ್ನೋ ಪಟ್ಟಿ ಮಾಡೋಕೆ ಹೋಗಿ.

ಪ್ರದೇಶದೊಳಗಿನ ಪ್ರದೇಶದ ಪ್ರಶ್ನೆಯೂ ಇದೆ. ಆರ್ಕ್ನಿ ದ್ವೀಪದೋರು 67 ಪರ್ಸೆಂಟ್ ಬೇಡ ಅಂದ್ರು, ಗ್ಲಾಸ್ಗೋ ಮತ್ತು ಡಂಡೀ ಬೇಕು ಅಂದ್ವು. ಸ್ಕಾಟ್ಲೆಂಡ್ ಬ್ರಿಟನ್ನನ್ನ ಬಿಡಬಹುದಾದ್ರೆ ಆರ್ಕ್ನಿ ಯಾಕೆ ಸ್ಕಾಟ್ಲೆಂಡನ್ನ ಬಿಡಬಾರ್ದು? ಕ್ವಿಬೆಕ್‌ನಲ್ಲಿ ಇದು ನಿಜವಾಗ್ಲೂ ಆಯ್ತು. 1995ರಲ್ಲಿ ಅಲ್ಲಿ 50.58ಕ್ಕೆ 49.42, ಕೂದಲೆಳೆಯಲ್ಲಿ ಕೆನಡಾ ಉಳೀತು, ಅದಕ್ಕೆ ಕೆಲವೇ ದಿನ ಮೊದಲು ಉತ್ತರದ ಕ್ರೀ ಆದಿವಾಸಿಗಳು ತಾವೇ ವೋಟ್ ಮಾಡಿ 96 ಪರ್ಸೆಂಟ್ ಜನ ನಾವು ಕ್ವಿಬೆಕ್ ಜೊತೆ ಹೋಗಲ್ಲ ಅಂದಿದ್ರು.

ನಮ್ಮ ದೇಶದ ಜೊತೆ ಹೋಲಿಸ್ಬೇಡಿ ಅಂತ ಹೇಳಲ್ಲ, ಎಂಎ ಪ್ರಬಂಧದಲ್ಲಿ ಹೋಲಿಸ್ಲೇಬೇಕಾಗತ್ತೆ, ಸರಿಯಾಗಿ ಹೋಲಿಸಿ ಅಷ್ಟೇ. ಭಾರತದ ಸಂವಿಧಾನದಲ್ಲಿ ಬಿಟ್ಟುಹೋಗೋ ದಾರಿ ಇಲ್ಲ, 1963ರ ಹದಿನಾರನೇ ತಿದ್ದುಪಡಿ ಆದ ಮೇಲೆ ಚುನಾವಣೆಗೆ ನಿಲ್ಲೋರೇ ಅಖಂಡತೆಯ ಪ್ರಮಾಣ ಮಾಡ್ಬೇಕು, ಆ ಹೊತ್ತಿಗೆ ಡಿಎಂಕೆ ಪ್ರತ್ಯೇಕ ದ್ರಾವಿಡನಾಡು ಬೇಡಿಕೆಯನ್ನ ಕೈಬಿಡ್ತು. ಆದ್ರೆ ಒಳಗಿನ ಗಡಿಗಳನ್ನ ಬದಲಾಯಿಸೋದು ನಮ್ಮಲ್ಲಿ ತುಂಬ ಸುಲಭ, 3ನೇ ವಿಧಿ ಪ್ರಕಾರ ಸಂಸತ್ತಿಗೆ ಸರಳ ಬಹುಮತ ಸಾಕು, ರಾಜ್ಯದ ಅಭಿಪ್ರಾಯ ಕೇಳ್ಬೇಕು, ಒಪ್ಪಿಗೆ ಬೇಕಿಲ್ಲ. ಸ್ಕಾಟ್ಲೆಂಡ್ ವೋಟ್ ಮಾಡಿದ 2014ರಲ್ಲೇ ನಮ್ಮಲ್ಲಿ ತೆಲಂಗಾಣ ಆಯ್ತು, ಆಂಧ್ರ ವಿಧಾನಸಭೆ ಮಸೂದೆಯನ್ನ ತಿರಸ್ಕರಿಸಿದ್ರೂ ಆಯ್ತು, ಜನರ ಮುಂದೆ ಪ್ರಶ್ನೆ ಇಟ್ಟು ಯಾರೂ ವೋಟ್ ಕೇಳಲಿಲ್ಲ. 1956ರಲ್ಲಿ ಕೊಡಗು ತನ್ನದೇ ಶಾಸನಸಭೆ ಇದ್ದ ಸಿ ದರ್ಜೆ ರಾಜ್ಯವಾಗಿದ್ದು ಮೈಸೂರಿಗೆ ಸೇರಿದಾಗಲೂ ಅಷ್ಟೇ. ಸ್ಪೇನ್ ಇನ್ನೊಂದು ತುದಿ, ಅದರ ಪ್ರಾಂತ್ಯ ಕ್ಯಾಟಲೋನಿಯಾ 2017ರ ಅಕ್ಟೋಬರ್ 1ಕ್ಕೆ ಒಪ್ಪಿಗೆ ಇಲ್ಲದೆ ವೋಟ್ ನಡೆಸಿತು, ಪೊಲೀಸರ ಲಾಠಿ ಬಿತ್ತು, ಸ್ಪೇನ್ ಸಂವಿಧಾನದ 155ನೇ ವಿಧಿ ಹಾಕಿ ಪ್ರಾಂತ್ಯದ ಸರ್ಕಾರವನ್ನ ಕಿತ್ತುಹಾಕಿದ್ರು, ಒಂಬತ್ತು ಜನ ನಾಯಕರಿಗೆ 9ರಿಂದ 13 ವರ್ಷದವರೆಗೆ ಜೈಲು ಶಿಕ್ಷೆಯಾಯ್ತು, ಆಮೇಲೆ 2021ರಲ್ಲಿ ಕ್ಷಮಾದಾನ ಸಿಕ್ತು.

ಸ್ಕಾಟ್ಲೆಂಡಲ್ಲಿ 2014ರ ಸೆಪ್ಟೆಂಬರ್ 18ಕ್ಕೆ 84.6 ಪರ್ಸೆಂಟ್ ಮತದಾನ ಆಯ್ತು, 20 ಲಕ್ಷಕ್ಕೆ ಸ್ವಲ್ಪ ಮೇಲೆ ಜನ ಬೇಡ ಅಂದ್ರು, 16 ಲಕ್ಷ ಚಿಲ್ಲರೆ ಜನ ಬೇಕು ಅಂದ್ರು, ಪರ್ಸೆಂಟಲ್ಲಿ 55.3ಕ್ಕೆ 44.7. ಒಬ್ಬರ ಪ್ರಾಣವೂ ಹೋಗಲಿಲ್ಲ, ಸೋತ ಸ್ಯಾಮಂಡ್ ಮಾರನೇ ದಿನವೇ ರಾಜೀನಾಮೆ ಘೋಷಿಸಿದ್ರು.

ಇನ್ನು ಮುಂದೆ ದಾರಿ ಇದೆಯಾ ಅಂದ್ರೆ, ಬ್ರಿಟನ್ನಿನೊಳಗೇ ಒಂದು ಮಾದರಿ ಇದೆ. 1998ರ ನಾರ್ದರ್ನ್ ಐರ್ಲೆಂಡ್ ಕಾಯ್ದೆ ಪ್ರಕಾರ, ಐರ್ಲೆಂಡ್ ಜೊತೆ ಸೇರೋಕೆ ಅಲ್ಲಿನ ಬಹುಮತ ಒಪ್ಪೋ ಸಾಧ್ಯತೆ ಇದೆ ಅಂತ ಸಂಬಂಧಪಟ್ಟ ಮಂತ್ರಿಗೆ ಕಂಡ್ರೆ ರೆಫರೆಂಡಮ್ ಮಾಡ್ಲೇಬೇಕು, ಒಂದಾದ ಮೇಲೆ ಇನ್ನೊಂದಕ್ಕೆ ಕನಿಷ್ಠ ಏಳು ವರ್ಷ ಬಿಡ್ಬೇಕು. ಸ್ಕಾಟ್ಲೆಂಡಿಗೆ ಇಂಥ ನಿಯಮವೇ ಇಲ್ಲ, ಸರ್ವೆಗಳಲ್ಲಿ ವರ್ಷಗಳಿಂದ ಅರ್ಧಕ್ಕರ್ಧ ಜನ ಬೇಕು ಅಂತಿದ್ರೂ ಯಾವಾಗ, ಎಷ್ಟು ಬೆಂಬಲ ಇದ್ರೆ ಕೇಳಬಹುದು ಅಂತ ಎಲ್ಲೂ ಬರೆದಿಲ್ಲ. ಇಲ್ಲ ಅನ್ನೋ ಅಧಿಕಾರ ಇರೋ ಲಂಡನ್ ಸರ್ಕಾರ, ಯಾವಾಗ ಹೌದು ಅಂತೀವಿ ಅನ್ನೋದನ್ನೂ ಹೇಳ್ಬೇಕು, ಅದು ಅದರ ಹೊಣೆ ಅಂತ ನಾನು ಭಾವಿಸ್ತೀನಿ. ಏಳರ ಬದಲು ಹದಿನೈದು ವರ್ಷ ಇಡ್ಲಿ, ಎಡಿನ್‌ಬರಾ ಪಾರ್ಲಿಮೆಂಟಲ್ಲಿ ಇಷ್ಟು ಬಹುಮತ ಬೇಕು ಅಂತ ಇಡ್ಲಿ, ಚರ್ಚೆ ಮಾಡಬಹುದು, ಕಾನೂನಲ್ಲಿ ಬರೆದಿಡ್ಬೇಕು ಅಷ್ಟೇ. ಲಂಡನ್ನಿನ ಎರಡು ದೊಡ್ಡ ಪಕ್ಷಗಳೂ ಇದಕ್ಕೆ ಇನ್ನೂ ಒಪ್ಪಿಲ್ಲ.